ಕಬ್ಬಿಣದ ಡ್ರಮ್ಮಿನಲ್ಲಿ ಮೈಲುತುತ್ತ

"ಇದರಲ್ಲಿ ಏನಿದೆ?"

ಶ್ರೀಗೌರಿ ಕೇಳಿದ್ದು ಇಷ್ಟೇ. ಪೆಟ್ರೋಲ್ ಬಂಕಿನ ಮಾಲೀಕ ಪೂರ್ಣೇಶ ಹಲ್ಲು ಬಿಟ್ಟ.

"ಔಷಧಿ ಮೇಡಂ. ಅಡಿಕೆಗೆ ಕೊಳೆರೋಗ ಬರುತ್ತಲ್ಲ, ಅದಕ್ಕೆ ಹೊಡೆಯೋದು. ತೋಟದ ಮನೆಯವರಿಗೆ ನಾನು ಹೇಳಿಕೊಡಬೇಕಾ?"

ಬಂಕಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ನೀಲಿ ಡ್ರಮ್ಮುಗಳು ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದವು. ಬಾಗಿಲ ಬಳಿಯ ಡ್ರಮ್ಮಿನ ಮುಚ್ಚಳ ತೆಗೆದಿತ್ತು. ಒಳಗೆ ಆಕಾಶದ ಬಣ್ಣದ ನೀರು. ಸಬ್ ಇನ್ಸ್‌ಪೆಕ್ಟರ್ ಸುರೇಂದ್ರ ಅದರೊಳಗೆ ಬಗ್ಗಿ ನೋಡಿದ, ಗಡಿಯಾರ ನೋಡಿಕೊಂಡ, ಆಮೇಲೆ ಶ್ರೀಗೌರಿಯ ಮುಖ ನೋಡಿದ. ಹೋಗೋಣವಾ ಅಂತ ಬಾಯಿಬಿಟ್ಟು ಕೇಳುವಷ್ಟು ಒರಟನಲ್ಲ ಪಾಪ.

ಆದರೆ ಹೋಗುವುದೆಲ್ಲಿಗೆ? ತೀರ್ಥಹಳ್ಳಿ–ಹೊಸನಗರ–ಸಾಗರದ ಖಾಸಗಿ ಬಸ್ಸಿನ ಡ್ರೈವರ್ ಬೆಳ್ಳಪ್ಪ ನಿನ್ನೆ ಸಂಜೆಯಿಂದ ಲಾಕಪ್ಪಿನಲ್ಲಿ ಕೂತಿದ್ದಾನೆ. ಕರಾವಳಿಯ ಮೀನುಗಾರರಿಗೆಂದು ಸರ್ಕಾರ ತೆರಿಗೆ ಬಿಟ್ಟು ಕೊಡುವ ಡೀಸೆಲ್ಲನ್ನು ಕದ್ದು, ಹುಲಿಕಲ್ ಘಾಟಿ ಹತ್ತಿಸಿ ಮಾರುವವನು ಅವನೇ ಎಂಬುದು ಆರೋಪ. ಸಾಕ್ಷಿ, ಅವನ ಸೀಟಿನ ಹಿಂದೆ ಸಿಕ್ಕ ಒಂದು ಕ್ಯಾನು. ಇವತ್ತು ಸಂಜೆಯೊಳಗೆ ನಿಜವಾದ ಕಳ್ಳ ಸಿಗದಿದ್ದರೆ ಬೆಳ್ಳಪ್ಪ ಕೋರ್ಟಿಗೆ, ಅಲ್ಲಿಂದ ಜೈಲಿಗೆ.

"ನಾನು ಪೂರ್ಣೇಶನ ಬಂಕಲ್ಲಿ ದುಡ್ಡು ಕೊಟ್ಟು ತಗಂಡಿದ್ದು," ಎಂದು ಅವನು ಲಾಕಪ್ಪಿನ ಸರಳು ಹಿಡಿದು ಬಡಕೊಂಡಿದ್ದ. "ಆ ಬಂಕಿನ ಹಿಂದೆ ಅಗ್ಗಕ್ಕೆ ಕೊಡ್ತಾರೆ. ಬಸ್ಸಿನ ಓನರ್ರೇ ತಗಂಬಾ ಅಂದಿದ್ರು." ಬಸ್ಸಿನ ಓನರು ಮಾತ್ರ, ಈ ಮನುಷ್ಯ ಯಾರೆಂದೇ ಗೊತ್ತಿಲ್ಲ ಎಂಬಂತೆ ಕೈತೊಳೆದುಕೊಂಡಿದ್ದ.

ಬೆಳ್ಳಪ್ಪನ ಹೆಂಡತಿ ಹುಲಿಯಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಬೆಳಗಿನಿಂದ ಒಂದು ಲೋಟ ಕಾಫಿಯೂ ಅವಳ ಗಂಟಲಿಗೆ ಇಳಿದಿರಲಿಲ್ಲ. "ಅಮ್ಮಾ, ಅವ್ರಿಗೆ ಸ್ಟೇರಿಂಗ್ ಬಿಟ್ರೆ ಬೇರೆ ಕೆಲಸ ಬರೂದಿಲ್ಲ. ಲೈಸೆನ್ಸ್ ಹೋದ್ರೆ ನಮ್ಮ ಕತೆ ಮುಗೀತು," ಎಂದು ದಾರಿಯುದ್ದಕ್ಕೂ ಅದನ್ನೇ ಹೇಳಿದ್ದಳು.

ಶ್ರೀಗೌರಿ ಎಂದರೆ ಯಾರೆಂದು ಈ ಸೀಮೆಯ ಹಳೆಯ ಲಾರಿ ಡ್ರೈವರುಗಳನ್ನು ಕೇಳಬೇಕು. ತೆರಿಗೆ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಇನ್ಸ್‌ಪೆಕ್ಟರಾಗಿದ್ದಾಗ ಟಾರ್ಪಾಲು ಎತ್ತದೆಯೇ, ಲಾರಿ ನಿಂತ ಭಂಗಿ ನೋಡಿ ಒಳಗೇನಿದೆ ಹೇಳುತ್ತಿದ್ದ ಹೆಂಗಸು. ಜಿಎಸ್‌ಟಿ ಬಂತು, ಚೆಕ್‌ಪೋಸ್ಟ್ ಮುಚ್ಚಿತು. ಅವಳನ್ನು ಫೈಲು ತಿರುವುವ ಮೇಜಿಗೆ ಹಾಕಿದರು. ಆರು ತಿಂಗಳು ಕೂತು, ಇದು ತನ್ನಿಂದಾಗದೆಂದು ರಾಜೀನಾಮೆ ಒಗೆದು, ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನ ಎದುರು ಪತ್ತೇದಾರಿ ಬೋರ್ಡು ಹಾಕಿದಳು. ಊರು ನಕ್ಕಿತು. ಈಗ ನಗುವುದಿಲ್ಲ.

ತೆರಿಗೆ ಕದಿಯುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ತೆರಿಗೆಯೆಂದರೆ ಊರ ಹಬ್ಬಕ್ಕೆ ವಂತಿಗೆ ಎತ್ತಿದ ಹಾಗೆ ಎನ್ನುವಳು. ಎಲ್ಲರೂ ಗೊಣಗುತ್ತಲೇ ಕೊಡುತ್ತಾರೆ, ಎಲ್ಲರೂ ಊಟಕ್ಕೆ ಕೂರುತ್ತಾರೆ. ಅದರಲ್ಲಿ ಒಬ್ಬ ಅಡುಗೆ ಪಾತ್ರೆಯನ್ನೇ ಹೊತ್ತುಕೊಂಡು ಹೋದರೆ?

ಹಾಗೇ ಆಗಿತ್ತು ಇಲ್ಲಿ. ಖಜಾನೆ ಬಡವಾಗಿದೆ ಎಂದು ಸರ್ಕಾರ ಡೀಸೆಲ್ ಮೇಲಿನ ತೆರಿಗೆ ಏರಿಸಿತು. ಬಸ್ಸಿನ ಟಿಕೆಟ್ಟು ಏರಿತು, ತರಕಾರಿ ಏರಿತು, ಟಿಲ್ಲರ್ ಬಾಡಿಗೆ ಏರಿತು. ಊರಿಗೆ ಊರೇ ಬೈಯುತ್ತಾ ಕೊಟ್ಟಿತು. ಸಮುದ್ರಕ್ಕಿಳಿಯುವ ಬಡವ ಬದುಕಿಕೊಳ್ಳಲಿ ಎಂದು ದೋಣಿಯ ಡೀಸೆಲ್ಲಿಗೆ ಮಾತ್ರ ಆ ತೆರಿಗೆ ಬಿಟ್ಟಿದ್ದರು. ಯಾವನೋ ಪುಣ್ಯಾತ್ಮ ಅದನ್ನೂ ಬಿಡಲಿಲ್ಲ. ಬೆಲೆಯಲ್ಲಿ ಅಂತರ ಹೆಚ್ಚಿದಷ್ಟೂ ಕಳ್ಳನಿಗೆ ಸುಗ್ಗಿ.

"ನೆಲದಡಿಯ ಟ್ಯಾಂಕು ಸರಿಯಾಗಿದೆ ಮೇಡಂ," ಸುರೇಂದ್ರ ತಗ್ಗಿದ ದನಿಯಲ್ಲಿ ಹೇಳಿದ. "ಹೋದ ವಾರ ನಮ್ಮವರು ಬಂದು ನೋಡಿದ್ದಾರೆ. ಟ್ಯಾಂಕಿನೊಳಗೆ ಮೀಟರ್ ಕೂತಿದೆ. ಹೊರಗಿನ ಡೀಸೆಲ್ ಒಂದು ಕೊಡ ಸುರಿದರೂ ಕಂಪನಿಗೆ ಗೊತ್ತಾಗುತ್ತೆ."

"ಅದಕ್ಕೇ ಅಲ್ವೇನಪ್ಪ ಟ್ಯಾಂಕಿಗೆ ಸುರಿಯದೆ ಬೇರೆ ಕಡೆ ಇಟ್ಟಿರೋದು."

"ಬೇರೆ ಕಡೆ ಎಲ್ಲಿ?"

ಪೂರ್ಣೇಶ ದೊಡ್ಡದಾಗಿ ನಕ್ಕ. "ಹುಡುಕಲಿ ಸಾರ್, ಹುಡುಕಲಿ. ನನ್ನ ಹಾಸಿಗೆ ಕೆಳಗೂ ನೋಡಲಿ."

ಬಯಲುಸೀಮೆಯಿಂದ ಬಂದು ಇಲ್ಲಿ ಬಂಕು ಹಿಡಿದವನು. ಮಾತು ಬೆಣ್ಣೆ, ಅಂಗಿ ಇಸ್ತ್ರಿ. ಇಡೀ ಶೆಡ್ಡು ಡೀಸೆಲ್ ನಾರುತ್ತಿತ್ತು, ಅದು ಸಹಜವೇ. ಬಂಕಿನಲ್ಲಿ ಡೀಸೆಲ್ ನಾರದೆ ಮಲ್ಲಿಗೆ ಘಮ್ಮೆನ್ನುತ್ತದೆಯೇ? ಬಚ್ಚಿಡಲು ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ ಎಂದು ಶ್ರೀಗೌರಿ ಮನಸ್ಸಿನಲ್ಲೇ ಭೇಷ್ ಅಂದುಕೊಂಡಳು. ನಾಯಿ ತಂದರೂ ಪ್ರಯೋಜನವಿಲ್ಲ.

ಅವಳು ತೆರೆದ ಡ್ರಮ್ಮಿನ ಹತ್ತಿರ ಹೋದಳು. ಅದು ಪ್ಲಾಸ್ಟಿಕ್ಕಿನದು.

"ಇದನ್ನ ಕಲಸಿದ್ದು ಯಾವಾಗ?"

"ಹದಿನೈದು ದಿನ ಆಗಿರಬೇಕು. ರೈತರಿಗೆ ತೋರಿಸೋಕೆ ಸ್ಯಾಂಪಲ್ ಅಂತ."

"ಸುಣ್ಣ ಹಾಕಿ ಕಲಸಿದ್ದು?"

"ಹೌದು ಮೇಡಂ. ರೆಡಿ ಔಷಧಿ."

"ಹಿಂದಿನವು?"

"ಅವನ್ನೂ ಆವಾಗಲೇ ತುಂಬಿದ್ದು, ಆದರೆ ಸುಣ್ಣ ಇಲ್ಲ. ಬರೀ ಮೈಲುತುತ್ತದ ಗಟ್ಟಿ ನೀರು. ಮನೆಗೆ ತಗೊಂಡು ಹೋಗಿ ಸುಣ್ಣ ಅವರೇ ಹಾಕ್ಕೊಂತಾರೆ." ಪೂರ್ಣೇಶ ಪಾಠ ಒಪ್ಪಿಸಿದಂತೆ ಹೇಳಿ ಮುಗಿಸಿದ.

"ಮಾಸ್ತಪ್ಪಾ, ನಿನ್ನ ಕತ್ತಿ ಕೊಡು."

ಅವಳ ಜೀಪಿನ ಡ್ರೈವರ್ ಮಾಸ್ತಪ್ಪ ಸೊಂಟದ ಕೊಕ್ಕೆಯಿಂದ ಕತ್ತಿ ತೆಗೆದು ಕೊಟ್ಟ. ಪೂರ್ಣೇಶ ಎರಡು ಹೆಜ್ಜೆ ಹಿಂದೆ ಸರಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ.

"ಹೆದರಬೇಡಪ್ಪ, ನಿನಗಲ್ಲ." ಶ್ರೀಗೌರಿ ಕತ್ತಿಯ ಬಾಯನ್ನು ತೆರೆದ ಡ್ರಮ್ಮಿನ ನೀಲಿ ನೀರಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದಳು. ಎತ್ತಿ ಬೆಳಕಿಗೆ ತಿರುಗಿಸಿ ನೋಡಿದಳು. ಕಬ್ಬಿಣ ಕಬ್ಬಿಣದ ಬಣ್ಣದಲ್ಲೇ ಇತ್ತು.

"ಭೇಷ್! ಸುಣ್ಣ ಹದವಾಗಿ ಬಿದ್ದಿದೆ. ಕಮ್ಮಿಯಾಗಿದ್ದರೆ ಕತ್ತಿಗೆ ಕೆಂಪು ಹತ್ತುತ್ತಿತ್ತು. ಯಾರೋ ಗೊತ್ತಿದ್ದವರೇ ಕಲಸಿದ್ದಾರೆ."

"ನಾನೇ ಕಲಸಿದ್ದು," ಎಂದ ಪೂರ್ಣೇಶ, ಎದೆ ಉಬ್ಬಿಸಿ.

ಶ್ರೀಗೌರಿ ಕತ್ತಿ ಒರೆಸುತ್ತಾ ಹಿಂದಿನ ಸಾಲಿಗೆ ನಡೆದಳು. ಮೊದಲ ಡ್ರಮ್ಮಿಗೆ ಕತ್ತಿಯ ಹಿಡಿಯಿಂದ ಬಡಿದಳು. ಠಣ್! ಎರಡನೆಯದು ಠಣ್. ಮೂರನೆಯದೂ ಠಣ್. ನೀಲಿ ಬಣ್ಣದ ಒಂದು ಸಿಪ್ಪೆ ಎದ್ದು ಕೆಳಗೆ ಬಿತ್ತು, ಅಡಿಯಲ್ಲಿ ಕಬ್ಬಿಣ ಕಂಡಿತು.

ಆಗ ಅವಳಿಗೆ ನಗು ಬಂತು. ಸಣ್ಣ ನಗುವಲ್ಲ, ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಸಿಟ್ಟಾಗಲಿ ಖುಷಿಯಾಗಲಿ ಮಿತಿ ಮೀರಿದರೆ ಅವಳ ಬಾಯಿಗೆ ಮನೆಮಾತೇ ಬರುವುದು.

"ಥೋ! ಎಂತ ಮಳ್ಳೋ ಮಾರಾಯ ನಿಂಗೆ!"

"ಏನಾಯ್ತು ಮೇಡಂ?" ಸುರೇಂದ್ರ ಗಾಬರಿಯಾದ.

"ಸುರೇಂದ್ರ, ಈತ ಏನಂದ, ಕೇಳಿಸಿಕೊಂಡ್ರಲ್ಲ? ಹಿಂದಿನ ಡ್ರಮ್ಮಲ್ಲಿ ಬರೀ ಮೈಲುತುತ್ತದ ನೀರು, ಸುಣ್ಣ ಬಿದ್ದಿಲ್ಲ. ಹೌದಾ?"

"ಹೌದು. ಹಾಗೇ ಅಂದ."

"ಹುಲಿಯಮ್ಮ, ನೀನು ತೋಟದ ಕೆಲಸಕ್ಕೆ ಹೋಗಿದ್ದೀಯಲ್ಲ. ಮೈಲುತುತ್ತವನ್ನ ಎಂತದ್ರಲ್ಲಿ ಕರಗಿಸ್ತಾರೆ?"

ಹುಲಿಯಮ್ಮ ಕಣ್ಣು ಪಿಳಿಪಿಳಿ ಬಿಟ್ಟಳು. "ಎಂತದ್ರಲ್ಲಿ ಅಂದ್ರೆ? ಪ್ಲಾಸ್ಟಿಕ್ ಡ್ರಮ್ಮಲ್ಲಿ. ಮೊದ್ಲು ಬಾನಿ ತರದ್ದು, ಮರದ ಮರಿಗೆ ಇಡ್ತಿದ್ರು. ಕಬ್ಬಿಣಕ್ಕೆ ಯಾರಾದ್ರೂ ಹಾಕ್ತಾರಾ ಅಮ್ಮಾ? ತಿಂದ್ ಹಾಕ್ತದೆ!"

ಪೂರ್ಣೇಶನ ನಗು ಮುಖದಲ್ಲೇ ಉಳಿದಿತ್ತು, ಅದನ್ನು ತೆಗೆಯುವುದು ಮರೆತಿದ್ದ.

"ಕೇಳಿದ್ರಾ?" ಶ್ರೀಗೌರಿ ಸೆರಗು ಸಿಕ್ಕಿಸಿಕೊಂಡಳು. "ನಮ್ಮ ಕಡೆ ಸೌಟು ಕೂಡ ಕಬ್ಬಿಣದ್ದು ಮುಟ್ಟಿಸೋದಿಲ್ಲ. ಮೈಲುತುತ್ತದ ನೀರು ಕಬ್ಬಿಣದಲ್ಲಿ ನಿಂತರೆ ಡ್ರಮ್ಮಿನ ತಳ ತೂತು. ಈ ಮನುಷ್ಯ ಹದಿನೈದು ದಿನದಿಂದ ಇಟ್ಟಿದ್ದಾನಂತೆ, ಒಂದು ಹನಿ ಸೋರಿಲ್ಲ! ಇದೇನು ಇವನ ಮನೆದೇವರ ಮಹಿಮೆಯಾ? ತೆಗೆಸಿ ಮುಚ್ಚಳ."

"ಮುಚ್ಚಳ ತಿರುಗಿಸೋ ಪಾನಾ ಕಳೆದುಹೋಗಿದೆ ಸಾರ್," ಪೂರ್ಣೇಶ ತಡವರಿಸಿದ. "ನಾಳೆ ತರಿಸಿಕೊಡ್ತೀನಿ. ವಾರಂಟ್ ಇದೆಯಾ? ನನ್ನ ವಕೀಲರಿಗೆ ಒಂದು ಫೋನ್..."

"ಪಾನಾ ನನ್ನ ಜೀಪಲ್ಲೇ ಅದೆ," ಎಂದ ಮಾಸ್ತಪ್ಪ, ಅವನ ಮಾತು ಮುಗಿಯುವ ಮೊದಲೇ ಹೊರಗೆ ಓಡುತ್ತಾ.

ಮೊದಲ ಮುಚ್ಚಳ ಬಿಗಿಯಾಗಿತ್ತು. ಮಾಸ್ತಪ್ಪ ಹಲ್ಲು ಕಚ್ಚಿ ತಿರುಗಿಸಿದ, ಸುರೇಂದ್ರನ ಜೊತೆ ಬಂದಿದ್ದ ಕಾನ್‌ಸ್ಟೇಬಲ್ ಕೈಜೋಡಿಸಿದ. ಕರ್ರೆಂದು ಸದ್ದು ಮಾಡಿ ಬಿಟ್ಟುಕೊಂಡಿತು. ಸುರೇಂದ್ರ ಬೆರಳು ಅದ್ದಿ ಮೂಗಿಗೆ ಹಿಡಿದ. ಆಮೇಲೆ ಆ ಬೆರಳನ್ನೇ ಪೂರ್ಣೇಶನ ಮೂಗಿನ ಹತ್ತಿರ ಒಯ್ದ.

"ಕೊಳೆರೋಗಕ್ಕೆ ಡೀಸೆಲ್ ಹೊಡೀತಾರೇನೋ?"

ಹುಲಿಯಮ್ಮ "ಅಯ್ಯೋ ದೇವ್ರೇ, ಸಿಗಂದೂರು ತಾಯೀ!" ಎಂದು ಕೈಮುಗಿದು ಅಲ್ಲೇ ಕುಸಿದು ಕೂತಳು. ಎರಡನೆಯದರಲ್ಲೂ ಡೀಸೆಲ್, ಮೂರನೆಯದರಲ್ಲೂ ಡೀಸೆಲ್. ಸಾಲಿಗೆ ಸಾಲೇ ಡೀಸೆಲ್. ಬಂಕಿನ ಹುಡುಗರು, ಗಾಳಿ ಹಾಕಿಸಲು ಬಂದವರು, ಎದುರಿನ ಹೋಟೆಲಿನವರು ಎಲ್ಲರೂ ಬಾಗಿಲಲ್ಲಿ ಜಮಾಯಿಸಿದರು. ಟಿಪ್ಪರ್ ಡ್ರೈವರೊಬ್ಬ ಶಿಳ್ಳೆ ಹೊಡೆದೇ ಬಿಟ್ಟ.

ಪೂರ್ಣೇಶ ಅಷ್ಟಕ್ಕೆ ಮಣಿಯುವವನಲ್ಲ. ಮುಖ ಒರೆಸಿಕೊಂಡ, ದನಿ ಸರಿಮಾಡಿಕೊಂಡ. "ಸಾರ್, ಡೀಸೆಲ್ ಇದೆ. ಒಪ್ಪಿದೆ. ಆದರೆ ನನ್ನದಲ್ಲ. ಶೆಡ್ಡಿನ ಬೀಗದ ಕೈ ಬೆಳ್ಳಪ್ಪನ ಹತ್ತಿರ ಇತ್ತು. ಔಷಧಿ ಇಟ್ಟುಕೊಳ್ತೀನಿ ಅಂತ ಬಾಡಿಗೆಗೆ ಕೇಳಿದ್ದ, ಪಾಪ ಅಂತ ಕೊಟ್ಟೆ. ನನ್ನ ಬಂಕಿನ ಡೀಸೆಲ್ಲೇ ಕದ್ದು ಇಲ್ಲಿ ತುಂಬಿದ್ದಾನೆ ಅಂತ ಈಗ ಗೊತ್ತಾಗ್ತಿದೆ. ಔಷಧಿ ಕಲಸಿದ್ದೂ ಅವನೇ!"

"ಈಗಷ್ಟೇ ನಾನೇ ಕಲಸಿದ್ದು ಅಂದೆಯಲ್ಲೋ?" ಸುರೇಂದ್ರ ಗುಡುಗಿದ.

"ಬಾಯಿ ತಪ್ಪಿ ಬಂತು ಸಾರ್."

ಹುಲಿಯಮ್ಮ ಎದ್ದು ನಿಂತಳು. ಮುಖ ಕೆಂಪಾಗಿತ್ತು. "ಹಾಳಾದವ್ನೇ! ನಿನ್ನ ನಾಲಿಗೆ..." ಎಂದು ಮುನ್ನುಗ್ಗಿದವಳನ್ನು ಶ್ರೀಗೌರಿ ತೋಳು ಹಿಡಿದು ನಿಲ್ಲಿಸಿದಳು.

"ಬಿಡು. ಇವನ ಕೈಯಿಂದಲೇ ನಿನ್ನ ಗಂಡನ್ನ ಬಿಡಿಸ್ತೀನಿ, ನೋಡ್ತಿರು. ಮಾಸ್ತಪ್ಪಾ, ಒಂದು ಡ್ರಮ್ಮು ಓರೆ ಮಾಡು."

ಮಾಸ್ತಪ್ಪ ಡ್ರಮ್ಮು ವಾಲಿಸಿದ. ತಳದ ಅಂಚಿನ ಸಂದಿಯಲ್ಲಿ ಬಿಳಿ ಮರಳು ಮೆತ್ತಿಕೊಂಡಿತ್ತು. ಅದರಲ್ಲಿ ಚಿಪ್ಪಿನ ಚೂರು, ಒಣಗಿದ ಮೀನಿನ ಹುರುಪೆ, ಹಸಿರು ಬಲೆಯ ಒಂದು ಎಳೆ. ಶ್ರೀಗೌರಿ ಎಲ್ಲವನ್ನೂ ಕತ್ತಿಯ ತುದಿಯಿಂದ ಕೆದಕಿ ಸುರೇಂದ್ರನ ಅಂಗೈಗೆ ಹಾಕಿದಳು.

"ಬಂಕಿನ ಟ್ಯಾಂಕಿಂದ ಕದ್ದದ್ದಾದರೆ ಈ ಡ್ರಮ್ಮು ಸಮುದ್ರದ ದಂಡೆಗೆ ಯಾಕೆ ಹೋಗಿತ್ತು? ಬಣ್ಣ ಬಳಿಯೋ ಗಡಿಬಿಡಿಯಲ್ಲಿ ತಳ ತೊಳೆಯೋದು ಮರೆತಿದ್ದಾನೆ ನೋಡಿ. ಇದು ದೋಣಿಯವರ ಡೀಸೆಲ್ಲು. ಇನ್ನು ಔಷಧಿ. ಇಲ್ಲಿ ಬನ್ನಿ."

ಅವಳು ಸುರೇಂದ್ರನನ್ನು ತೆರೆದ ಡ್ರಮ್ಮಿನ ಬಳಿ ಕರೆತಂದಳು. "ಬಣ್ಣ ಮೇಲೆ ಕೆಳಗೆ ಒಂದೇ ಸಮ ಇದೆ ಅಲ್ವಾ? ಸುಣ್ಣ ಕೂಡಿದ ಔಷಧಿ ಅಂದಂದೇ ಹೊಡೀಬೇಕು. ನಾಳೆಗೆ ಬಿಟ್ಟರೆ ನೀಲಿಯೆಲ್ಲ ತಳಕ್ಕೆ ಇಳಿದು ಮೇಲೆ ತಿಳಿನೀರು ನಿಲ್ಲುತ್ತೆ. ಉಳಿದದ್ದನ್ನ ನಾವು ಚೆಲ್ತೇವೆ, ನಾಳೆಗೆ ಇಡೋದಿಲ್ಲ. ಇದನ್ನ ಕಲಸಿದ್ದು ಇವತ್ತು ಬೆಳಿಗ್ಗೆ. ಬೆಳ್ಳಪ್ಪ ಇವತ್ತು ಬೆಳಿಗ್ಗೆ ಎಲ್ಲಿದ್ದ?"

ಸುರೇಂದ್ರನ ಮುಖ ಅರಳಿತು. "ನಮ್ಮ ಲಾಕಪ್ಪಲ್ಲಿ. ನಾನೇ ಇಡ್ಲಿ ತರಿಸಿಕೊಟ್ಟೆ."

"ಹಾಗಾದರೆ ನಿಮಗಿಂತ ದೊಡ್ಡ ಸಾಕ್ಷಿ ಬೇರೆ ಯಾರು ಬೇಕು?"

ಬಾಗಿಲಲ್ಲಿದ್ದವರು ಹೋ ಎಂದರು. ಯಾರೋ ಚಪ್ಪಾಳೆ ತಟ್ಟಿದರು. ಪೂರ್ಣೇಶ ಅಲ್ಲಿದ್ದ ಟಯರಿನ ಮೇಲೆ ಕುಕ್ಕರಿಸಿದ. ಸುರೇಂದ್ರ ಆಗಲೇ ಠಾಣೆಗೆ ಫೋನು ಹಚ್ಚಿದ್ದ. "ಹಾಂ, ಬೆಳ್ಳಪ್ಪನ್ನ ಬಿಟ್ಟುಬಿಡಿ. ಹೌದ್ರೀ, ಈಗಲೇ. ಮರ್ಯಾದೆಯಿಂದ ಕಳಿಸಿ, ಚಾ ಕುಡಿಸಿ ಕಳಿಸಿ."

ಹುಲಿಯಮ್ಮ ಶ್ರೀಗೌರಿಯ ಕಾಲಿಗೆ ಬಗ್ಗಿದಳು. ಶ್ರೀಗೌರಿ ಎತ್ತಿ ನಿಲ್ಲಿಸಿದಳು. "ಏಯ್, ಕಾಲಿಗೆಲ್ಲ ಬೀಳಬೇಡ ಮಾರಾಯ್ತಿ. ಹೋಗಿ ಮೊದಲು ಏನಾದ್ರೂ ತಿನ್ನು." ಟಾರ್ಪಾಲಿನ ಅಡಿಯಿಂದ ಕಳ್ಳಮಾಲು ಎಳೆದು ಹಾಕುತ್ತಿದ್ದ ಕಾಲದಲ್ಲೂ ಇಷ್ಟು ಸಂತೋಷ ಆಗಿರಲಿಲ್ಲ. ಸಮುದ್ರದವರ ಅನ್ನ, ಊರವರ ವಂತಿಗೆ, ಒಬ್ಬ ಡ್ರೈವರಿನ ಸ್ಟೇರಿಂಗು, ಮೂರೂ ಒಂದೇ ಏಟಿಗೆ ವಾಪಸು. ಗೆದ್ದೆ ಎಂದು ಅವಳಿಗೆ ಕೂಗಬೇಕೆನಿಸಿತು.

"ಮೇಡಂ, ಒಂದು ಮಾತು," ಸುರೇಂದ್ರ ಹತ್ತಿರ ಬಂದ. "ಇವನು ಇಷ್ಟು ಚೆನ್ನಾಗಿ ಔಷಧಿ ಕಲಸೋದು ಎಲ್ಲಿ ಕಲಿತ?"

"ಇವನಲ್ಲ. ಔಷಧಿ ಗೊತ್ತಿದ್ದವನು ಕಬ್ಬಿಣದ ಡ್ರಮ್ಮಲ್ಲಿ ಮೈಲುತುತ್ತ ಇದೆ ಅಂತ ಸತ್ತರೂ ಹೇಳೋದಿಲ್ಲ. ಕಲಸಿದವನು ಒಬ್ಬ, ಬಣ್ಣ ಬಳಿದವನು ಇನ್ನೊಬ್ಬ. ಕಲಸಿದವನು ತೋಟದ ಮನೆಯವನು."

ಟಯರಿನ ಮೇಲಿಂದ ಪೂರ್ಣೇಶ ತಲೆ ಎತ್ತಿದ. "ಯಾರು ಅಂತ ನಿಮಗೇ ಗೊತ್ತಾಗುತ್ತೆ ಮೇಡಂ. ಅಷ್ಟು ಬುದ್ಧಿವಂತರಲ್ವಾ, ಸರಿಯಾಗಿ ನೋಡಿ."

ಶ್ರೀಗೌರಿ ಡ್ರಮ್ಮಿನೊಳಗೆ ಬಗ್ಗಿದಳು. ನೀಲಿ ನೀರಿನ ಅಂಚಿಗೆ ಬಿಳಿ ನೊರೆ ಕಟ್ಟಿತ್ತು. ಬೆರಳಿನಿಂದ ಎತ್ತಿದಾಗ ಕಂದು ಸಿಪ್ಪೆಯೊಂದು ಅಂಟಿಕೊಂಡು ಬಂತು. ಅಂಟುವಾಳದ ಕಾಯಿಯ ಸಿಪ್ಪೆ.

ಔಷಧಿ ಅಡಿಕೆ ಗೊನೆಗೆ ಅಂಟಿಕೊಳ್ಳಲಿ ಎಂದು ಎಲ್ಲರೂ ರಾಳ ಹಾಕುತ್ತಾರೆ. ರಾಳ ಬಿಟ್ಟು ಅಂಟುವಾಳ ಕಿವುಚಿ ಹಾಕುವ ಮನೆ ಸಾಗರ ಸೀಮೆಯಲ್ಲೆಲ್ಲ ಅವಳಿಗೆ ಗೊತ್ತಿದ್ದದ್ದು ಒಂದೇ. ಅದು ಅವಳ ಅಪ್ಪ ಕಂಡುಹಿಡಿದ ಹುಚ್ಚು. ಅಪ್ಪ ಹೋದ ಮೇಲೆ ಅದನ್ನು ನಡೆಸಿಕೊಂಡು ಬಂದವನು ಒಬ್ಬನೇ, ಅವಳ ತಮ್ಮ ವೆಂಕಟ್ರಮಣ.

ಸುರೇಂದ್ರ ಏನೋ ಕೇಳುತ್ತಿದ್ದ, ಅವಳಿಗೆ ಕೇಳಿಸಲಿಲ್ಲ. ಶೆಡ್ಡಿನಿಂದ ಹೊರಗೆ ಬಂದು, ಗಾಳಿ ಹಾಕುವ ಯಂತ್ರದ ಆಚೆ ನಿಂತು ತಮ್ಮನಿಗೆ ಫೋನು ಮಾಡಿದಳು. ಒಂದೇ ರಿಂಗಿಗೆ ಎತ್ತಿದ.

"ಅಕ್ಕಾ, ಅಂಟುವಾಳ ಕಂಡ್ಯಾ?"

"ವೆಂಕಟ್ರಮಣಾ, ನೀನಾ? ಎಂತಕ್ಕೆ ಮಾಡಿದ್ದು ಇದ್ನ?"

"ನೀ ಬತ್ತೆ ಹೇಳಿ ಗೊತ್ತಿತ್ತು. ನಿಂಗೆ ಗೊತ್ತಾಗ್ಲಿ ಹೇಳೇ ಹಾಕಿದ್ದು." ಅವನು ಏದುಸಿರು ಬಿಡುತ್ತಿದ್ದ, ಎಲ್ಲೋ ಓಡುತ್ತಿರುವವನ ಹಾಗೆ. "ಆನು ಸಿಕ್ಕಿ ಬಿದ್ದಿದ್ದಿ ಅಕ್ಕಾ, ಅದು ಆಮೇಲೆ ಹೇಳ್ತೆ. ಪೂರ್ಣೇಶ ಬರೀ ಬಾಲ. ತಲೆ ಬೇರೆಯೇ ಇದ್ದು. ಬೆಳ್ಳಪ್ಪ ಆ ತಲೆಯ ಮೊಕ ನೋಡಿಬಿಟ್ಟಿದ್ದ, ಅವನ ಬಸ್ಸಲ್ಲಿ ಕ್ಯಾನು ಇದ್ದು ಹೇಳಿ ಪೊಲೀಸರಿಗೆ ಸುದ್ದಿ ಕೊಟ್ಟು ಹಿಡಿಸಿದ್ದೂ ಆನೇ."

"ಎಂತ ಹೇಳ್ತಾ ಇದ್ದೆ ನೀನು! ಪಾಪದವನ್ನ ಎಂತಕ್ಕೆ?"

"ಅಂವ ಬದುಕ್ಲಿ ಹೇಳಿ! ಲಾಕಪ್ಪಲ್ಲಿದ್ರೆ ಅವನ್ನ ಯಾರೂ ಮುಟ್ಟಲಾಗ್ತಿಲ್ಲೆ. ಕಾಲಿಗೆ ಬೀಳ್ತೆ ಅಕ್ಕಾ, ಇವತ್ತೊಂದಿನ ಅವನ್ನ ಬಿಡಿಸಡ, ಒಳಗೇ ಇರ್ಲಿ. ಠಾಣೆ ಎದುರು ಆ ತಲೆಯ ಕಡೆಯವರ ಕಾರು ಬೆಳಗಿಂದ ನಿಂತಿದ್ದು."

ಫೋನು ಕಟ್ಟಾಯಿತು.

ಶ್ರೀಗೌರಿ ತಿರುಗಿದಳು. ಹುಲಿಯಮ್ಮ ಕೈಯಲ್ಲಿ ಮೊಬೈಲು ಹಿಡಿದು, ಸೆರಗು ಹಾರಿಸುತ್ತಾ, ಬಂಕಿನ ಅಂಗಳ ದಾಟಿ ಅವಳ ಕಡೆಗೇ ಓಡಿ ಬರುತ್ತಿದ್ದಳು. ಮದುವೆಮನೆಯಲ್ಲೂ ಅಂಥ ನಗು ಕಾಣಸಿಗದು.

"ಅಮ್ಮಾ, ಬಿಟ್ರಂತೆ! ಠಾಣೆಯಿಂದ ಹೊರಗೆ ಬಂದ್ರಂತೆ! ಪುಣ್ಯಾತ್ಮರು ಯಾರೋ ಕಾರು ತಂದಿದಾರಂತೆ, ಮನೆತಂಕ ಬಿಡ್ತೀವಿ ಹತ್ತು ಅಂದ್ರಂತೆ. ಹತ್ತಿ ಕೂತ್ಕಂಡೇ ಫೋನ್ ಮಾಡಿದ್ರು!"